ಚಕ್ಕೆ ಡಬ್ಬಿಯಿಂದ ಪ್ಲಾಸ್ಟಿಕ್ ವಾಸನೆ ಬರುತ್ತಿದೆ, ಕಲಬೆರಕೆನಾ?

ನೀವು ಕೇಳಿದ್ದು ಇಷ್ಟು: ಮಳೆಗಾಲಕ್ಕೆ ಮುಂಚೆ ಕಾಲು ಕೆಜಿ ಚಕ್ಕೆ ತಂದು ಡಬ್ಬಿಗೆ ಹಾಕಿಟ್ಟಿದ್ದಿರಿ. ಈಗ ಮುಚ್ಚಳ ತೆಗೆದರೆ ಅಂಟು, ಹೊಸ ಪ್ಲಾಸ್ಟಿಕ್ ಎರಡೂ ಸೇರಿದಂಥ ಘಾಟು. ಡಬ್ಬಿಯ ಪ್ಲಾಸ್ಟಿಕ್ ಇಳಿದಿದೆಯಾ, ಅಂಗಡಿಯವರು ಏನಾದರೂ ಬೆರೆಸಿದ್ದಾರಾ, ಅಡುಗೆಗೆ ಹಾಕಬಹುದಾ?

ನಾನು ಮಸಾಲೆ ಪದಾರ್ಥ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯವರನ್ನು ಬೈಯುವ ಮುಂಚೆ ಒಂದು ಚಕ್ಕೆ ಮುರಿದು ಒಳಗೆ ನೋಡಿ. ಸುರುಳಿಯ ಒಳಮೈಯಲ್ಲಿ ಬೂದು-ಬಿಳಿ ಬೂಷ್ಟು ಕಂಡರೆ, ಆ ವಾಸನೆ ಹೊರಗಿನಿಂದ ಬಂದದ್ದಲ್ಲ. ಚಕ್ಕೆಯ ಪರಿಮಳವನ್ನೇ ತಿಂದು ಬೂಷ್ಟು ತಯಾರಿಸಿದ್ದು. ಅದರ ಹೆಸರು ಸ್ಟೈರೀನ್.

ಸ್ಟೈರೀನ್ ಅಂದರೆ ಥರ್ಮೋಕೋಲಿನ ಮೂಲ ವಸ್ತು. 8 ಇಂಗಾಲ, 8 ಜಲಜನಕ ಸೇರಿದ, ಬಣ್ಣವಿಲ್ಲದ ಎಣ್ಣೆಯಂಥ ದ್ರವ. ಕುದಿಯುವುದು 145 ಡಿಗ್ರಿಯಲ್ಲಿ, ಆದರೆ ಸುಮ್ನೆ ತೆರೆದಿಟ್ಟರೂ ಆವಿಯಾಗುತ್ತಾ ಹೋಗುತ್ತದೆ. ನಮ್ಮ ಮೂಗಿಗೆ ಅದು ಬಹಳ ಬೇಗ ಗೊತ್ತಾಗುತ್ತದೆ. ತೀರಾ ಕಡಿಮೆ ಇದ್ದರೆ ಸ್ವಲ್ಪ ಸಿಹಿ ವಾಸನೆ, ಜಾಸ್ತಿಯಾದರೆ ಕಣ್ಣು ಗಂಟಲು ಉರಿಯುವ ಘಾಟು. ಇದರ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ಹರಡುತ್ತದೆ. ಬಿಸಿಯಾದರೆ ತನ್ನಷ್ಟಕ್ಕೇ ಒಂದಕ್ಕೊಂದು ಅಂಟಿಕೊಂಡು ಪ್ಲಾಸ್ಟಿಕ್ ಆಗಲು ಶುರುವಾಗುತ್ತದೆ. ಹಾಗೆ ಅಂಟುವಾಗ ಇನ್ನೂ ಶಾಖ ಹುಟ್ಟುತ್ತದೆ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಆದದ್ದು ಇದೇ. ಲಾಕ್‌ಡೌನ್‌ನಲ್ಲಿ ನಿಂತಿದ್ದ ಪ್ಲಾಸ್ಟಿಕ್ ಕಾರ್ಖಾನೆಯ ಸ್ಟೈರೀನ್ ಟ್ಯಾಂಕು ಕಾದು, ಆವಿ ಪಕ್ಕದ ಊರಿಗೆ ನುಗ್ಗಿ, 12 ಮಂದಿ ಸತ್ತರು. ಆದರೆ ಅಲ್ಲಿ ಇದ್ದದ್ದು ಟನ್‌ಗಟ್ಟಲೆ, ನಿಮ್ಮ ಡಬ್ಬಿಯಲ್ಲಿರುವುದು ಮಿಲಿಗ್ರಾಂ ಲೆಕ್ಕ. ಗಾಬರಿ ಬೇಡ.

ಕಾರ್ಖಾನೆಯ ಪದಾರ್ಥ ಮಸಾಲೆಯೊಳಗೆ ಹೇಗೆ ಹುಟ್ಟುತ್ತದೆ ಅನ್ನಿಸಬಹುದು. ಅಸಲಿಗೆ ಸ್ಟೈರೀನ್ ಮೊದಲು ಸಿಕ್ಕಿದ್ದೇ ಮರದಿಂದ. 1839ರಲ್ಲಿ ಬರ್ಲಿನ್‌ನ ಔಷಧಿ ಅಂಗಡಿಯ ಎಡುಆರ್ಡ್ ಸಿಮೋನ್ ಸ್ಟೋರಾಕ್ಸ್ ಎಂಬ ಮರದ ಅಂಟನ್ನು ಬಟ್ಟಿ ಇಳಿಸಿ ಈ ದ್ರವ ತೆಗೆದರು. ಇಟ್ಟಷ್ಟು ದಿನವೂ ಅದು ಗಟ್ಟಿಯಾಗುತ್ತಾ ಲೋಳೆಯಾಯಿತು. ಹೆಸರು ಬಂದದ್ದೂ ಆ ಅಂಟಿನಿಂದಲೇ. ಆ ಅಂಟಿನಲ್ಲಿ ಸಿನಾಮಿಕ್ ಆಮ್ಲ ಇರುತ್ತದೆ. ನಿಮ್ಮ ಚಕ್ಕೆಯ ಕಥೆಯೂ ಅದೇ ಆಮ್ಲದ್ದು.

ಚಕ್ಕೆಗೆ ಪರಿಮಳ ಕೊಡುವುದು ಸಿನಾಮಾಲ್ಡಿಹೈಡ್. ಅದು ಬೂಷ್ಟಿಗೆ ವಿಷ. ಒಣಗಿದ ಚಕ್ಕೆ ಸುಲಭವಾಗಿ ಕೆಡದೆ ಇರುವುದಕ್ಕೆ ಅದೂ ಒಂದು ಕಾರಣ. ತೇವ ಸೇರಿದಾಗ ಆ ವಿಷವನ್ನು ತಡೆದುಕೊಳ್ಳಬಲ್ಲ ಕೆಲವು ಬೂಷ್ಟುಗಳು ಬೇರೂರುತ್ತವೆ. ಅವು ಸಿನಾಮಾಲ್ಡಿಹೈಡನ್ನು ಸಿನಾಮಿಕ್ ಆಮ್ಲವಾಗಿ ಬದಲಿಸುತ್ತವೆ. ಆಮೇಲೆ ಒಂದು ಕಿಣ್ವದಿಂದ ಅದರ ತುದಿಯ ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಆಗಿ ಕತ್ತರಿಸಿ ಬಿಡುತ್ತವೆ. ಉಳಿಯುವುದೇ ಸ್ಟೈರೀನ್. ಅದು ಆವಿಯಾಗಿ ಹಾರಿಹೋಗುತ್ತದೆ, ಬೂಷ್ಟಿಗೆ ಬದುಕಲು ಜಾಗ ಸಿಗುತ್ತದೆ. ನಿಮ್ಮ ಡಬ್ಬಿ ಮುಚ್ಚಿತ್ತು, ಹಾರಲು ದಾರಿ ಇರಲಿಲ್ಲ, ಅದಕ್ಕೇ ಅಷ್ಟು ಘಾಟು.

ಒಮ್ಮೆ ನಮ್ಮಲ್ಲಿಗೆ ಇಂಥದೇ ದೂರಿನ ಮೇಲೆ ಎರಡು ಮೂಟೆಯ ಚಕ್ಕೆ ಬಂದಿತ್ತು. ಒಂದು ರಾಶಿಯ ಅಂಚಿನದು, ಇನ್ನೊಂದು ಗೋಡೆಗೆ ಒರಗಿಸಿಟ್ಟದ್ದು, ಗೋಣಿ ತಣ್ಣಗೆ ಕೈಗೆ ತಾಗುತ್ತಿತ್ತು. ಎರಡನ್ನೂ ಪುಡಿ ಮಾಡಿ ಚಿಕ್ಕ ಗಾಜಿನ ಸೀಸೆಗಳಿಗೆ ಹಾಕಿ, ರಬ್ಬರ್ ಮುಚ್ಚಳ ಬಿಗಿದು ಬೆಚ್ಚಗೆ ಮಾಡಿದೆವು. ಪುಡಿಯ ಮೇಲೆ ನಿಂತ ಗಾಳಿಯನ್ನು ಸೂಜಿಯಲ್ಲಿ ಎಳೆದು, ಅದರಲ್ಲಿರುವ ಅಣುಗಳನ್ನು ಬೇರ್ಪಡಿಸಿ ತೂಗುವ ಯಂತ್ರಕ್ಕೆ ಕೊಟ್ಟೆವು. ರಾಶಿಯ ಅಂಚಿನ ಒಣ ಚಕ್ಕೆಯಲ್ಲಿ ಸ್ಟೈರೀನ್ ಗೆರೆ ಒಂದು ಸಣ್ಣ ಉಬ್ಬು ಅಷ್ಟೆ. ಗೋಡೆ ಪಕ್ಕದ್ದರಲ್ಲಿ ಅದು ಗೋಪುರದ ಹಾಗೆ ನಿಂತಿತ್ತು. ತೂಕ 104, ಸ್ಟೈರೀನ್ ಅಣುವಿನದೇ. ಮೂಟೆ ಕಟ್ಟಿದವರು ಏನನ್ನೂ ಬೆರೆಸಿರಲಿಲ್ಲ.

ಆ ಸಣ್ಣ ಉಬ್ಬಿನ ಬಗ್ಗೆಯೂ ಹೇಳಬೇಕು. ಚೆನ್ನಾಗಿರುವ ಚಕ್ಕೆಯಲ್ಲೂ ಸ್ವಲ್ಪ ಸ್ಟೈರೀನ್ ಇದ್ದೇ ಇರುತ್ತದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲವು ಆಹಾರಗಳನ್ನು ನೋಡಿದಾಗ ಚಕ್ಕೆಯಲ್ಲೇ ಅತಿ ಹೆಚ್ಚು, ಕೆಜಿಗೆ ಸುಮಾರು 39 ಮಿಲಿಗ್ರಾಂವರೆಗೆ ಸಿಕ್ಕಿತ್ತು. ಪಲಾವಿಗೆ ನಾವು ಹಾಕುವುದು ಒಂದೆರಡು ತುಂಡು, ಅಲ್ವಾ?

ಇದು ಚಕ್ಕೆಯ ಬೂಷ್ಟಿಗೆ ಮಾತ್ರ ಗೊತ್ತಿರುವ ವಿದ್ಯೆಯಲ್ಲ. ಕ್ಯಾಮೆಂಬೇರ್ ಚೀಸಿನ ಬಿಳಿ ಸಿಪ್ಪೆ ಕಟ್ಟುವ ಪೆನಿಸಿಲಿಯಂ ಬೂಷ್ಟು ಕೂಡ ಸ್ಟೈರೀನ್ ಮಾಡಬಲ್ಲದು, ಆಗ ಚೀಸಿಗೆ ಪ್ಲಾಸ್ಟಿಕ್ ವಾಸನೆ ಬರುತ್ತದೆ. ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲೂ ಅದೇ ಕೆಲಸದ ಕಿಣ್ವ ಇದೆ. ಕೇಕು, ಚೀಸು ಕೆಡದಿರಲಿ ಎಂದು ಹಾಕುವ ಸೋರ್ಬಿಕ್ ಆಮ್ಲವನ್ನೂ ಬೂಷ್ಟುಗಳು ಹೀಗೇ ಕತ್ತರಿಸುತ್ತವೆ, ಆಗ ಬರುವುದು ಸೀಮೆಎಣ್ಣೆ ವಾಸನೆ. ಅದಕ್ಕೂ ಎಷ್ಟೋ ಜನ ಕಲಬೆರಕೆ ಅಂತಲೇ ದೂರು ಕೊಡುತ್ತಾರೆ. 2011ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಯೀಸ್ಟಿನ ಆ ಜೀನನ್ನು ಒಂದು ಗಿಡದ ಜೀನಿನ ಜೊತೆ ಇ. ಕೋಲೈ ಬ್ಯಾಕ್ಟೀರಿಯಾಗೆ ಸೇರಿಸಿ, ಗ್ಲೂಕೋಸಿನಿಂದಲೇ ಲೀಟರಿಗೆ 260 ಮಿಲಿಗ್ರಾಂ ಸ್ಟೈರೀನ್ ತೆಗೆದರು. ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಆ ವಿಷ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಇನ್ನೊಂದು ಕಡೆ, ಸ್ಟೈರೀನನ್ನೇ ಊಟ ಮಾಡಿ ಬದುಕುವ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳೂ ಮಣ್ಣಿನಲ್ಲಿವೆ. ನನಗೆ ಇದು ಪ್ರತಿ ಸಲವೂ ಸೋಜಿಗ.

ಡಬ್ಬಿಯ ವಿಷಯ. ಗಾಜಿನಂತೆ ಹೊಳೆಯುವ, ಒತ್ತಿದರೆ ಸೀಳುವ ಡಬ್ಬಿಯಾದರೆ ಅದು ಪಾಲಿಸ್ಟೈರೀನ್, ಅಂದರೆ ಸ್ಟೈರೀನ್‌ನಿಂದಲೇ ಆದ ಪ್ಲಾಸ್ಟಿಕ್‌ನದು ಇರಬಹುದು. ಚಕ್ಕೆಯ ಎಣ್ಣೆ ಅದನ್ನು ಮೆತ್ತಗೆ ಮಾಡಿ ಮಬ್ಬಾಗಿಸುತ್ತದೆ. ಹಾಗಾಗಿದ್ದರೆ ಡಬ್ಬಿಯೂ ಸೇರಿಕೊಂಡಿದೆ ಅಂತ ಅನುಮಾನಿಸಬಹುದು. ಬೂಷ್ಟೂ ಇಲ್ಲ, ಡಬ್ಬಿಯೂ ಸರಿಯಿದೆ ಎಂದರೆ ಚಕ್ಕೆಯನ್ನು ಅರ್ಧ ದಿನ ಬಿಸಿಲಿಗೆ ಹರಡಿ, ಒಂದು ತುಂಡು ಮುರಿದು ಮುರಿದ ಕಡೆ ಮೂಸಿ. ಪರಿಮಳ ವಾಪಸು ಬಂದು ಘಾಟು ಹೋಗಿದ್ದರೆ ಬಳಸಬಹುದು.

ಬೂಷ್ಟು ಕಂಡರೆ ಮಾತ್ರ ದಯವಿಟ್ಟು ಎಸೆದುಬಿಡಿ. ಹುರಿದರೆ ಸ್ಟೈರೀನ್ ಹಾರಿಹೋಗುತ್ತದೆ, ವಾಸನೆಯೂ ಹೋಗುತ್ತದೆ, ಅದೇ ಅಪಾಯ. ಕೆಲವು ಬೂಷ್ಟುಗಳು ಬಿಟ್ಟುಹೋಗುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಸ್ಟೈರೀನನ್ನು ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ಮುಂದಿನ ಸಲ ಐವತ್ತು ಗ್ರಾಂ ತನ್ನಿ, ಒಂದು ದಿನ ಬಿಸಿಲಿಗಿಟ್ಟು ಆರಿದ ಮೇಲೆ ಗಾಜಿನ ಬಾಟಲಿಗೆ ಹಾಕಿ. ಒಲೆ ಪಕ್ಕದ ಗೂಡಿನಲ್ಲಿ ಇಡಬೇಡಿ, ಕುಕ್ಕರಿನ ಹಬೆ ನೇರವಾಗಿ ಅಲ್ಲಿಗೇ ಹೋಗುತ್ತದೆ.