ಕರೆಂಟ್ ಹೋದರೆ ನೆಲಕ್ಕೆ ಉಪ್ಪುನೀರು

ಪ್ರಶ್ನೆ: ನಮ್ಮದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಉಪ್ಪುನೀರಿನ ಅಕ್ವೇರಿಯಂ. ಕೆಳಗೆ ಎರಡೂವರೆ ಅಡಿ ಉದ್ದ, ಒಂದಡಿ ಅಗಲದ ಸಂಪ್ (ಅಕ್ವೇರಿಯಂ ನೀರು ಇಳಿದು ಬಂದು, ಪಂಪ್‌ನಿಂದ ಮತ್ತೆ ಮೇಲೇರುವ ತೊಟ್ಟಿ) ಇದೆ. ನೀರನ್ನು ಮೇಲೆ ತರುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 8 ಸೆಂ.ಮೀ. ಕೆಳಗಿದೆ. ಕರೆಂಟ್ ಹೋದಾಗಲೆಲ್ಲ ಸಂಪ್ ತುಂಬಿ ನೆಲಕ್ಕೆ ಚೆಲ್ಲುತ್ತಿತ್ತು. ಪ್ಲಂಬರ್ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿದರು. ಎರಡು ತಿಂಗಳು ಸರಿಯಿತ್ತು, ಈಗ ಮತ್ತೆ ಅದೇ ಕತೆ. ಹೊಸದು ಹಾಕಿಸಲಾ?
— ಒಬ್ಬ ಓದುಗರು, ಮೈಸೂರು

ಉತ್ತರ: ಬೇಡ. ಆ ದುಡ್ಡಿಗೆ ಎರಡು ಎಲ್ಬೋ, ಒಂದಡಿ ಪಿವಿಸಿ ಪೈಪ್ ತನ್ನಿ.

ನನಗೂ ಹೀಗೇ ಆಗಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಮಳೆಗೆ ಕರೆಂಟ್ ಹೋಗಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕಾಲಿಟ್ಟರೆ ಹಾಲ್ ತುಂಬಾ ನೀರು. ಎನ್‌ಆರ್‌ವಿ ಬಿಚ್ಚಿ ನೋಡಿದೆ. ಒಳಗಿನ ಮುಚ್ಚಳದ ಅಂಚಿಗೆ ಸುಣ್ಣದಂಥ ಬಿಳಿ ಹುಳುಗೂಡು ಅಂಟಿಕೊಂಡಿತ್ತು, ಅಷ್ಟೇ. ಅಷ್ಟು ಸಾಕು, ಅದು ಮುಚ್ಚಿಕೊಳ್ಳುವುದಿಲ್ಲ. ಉಪ್ಪುನೀರಿನಲ್ಲಿ ಇಂಥವು ಬೆಳೆಯುತ್ತಲೇ ಇರುತ್ತವೆ. ಮರಳಿನ ಒಂದು ಕಾಳು ಸಿಕ್ಕಿಕೊಂಡರೂ ಅಷ್ಟೇ.

ಪಂಪ್ ನಿಂತ ತಕ್ಷಣ ಅದೇ ಪೈಪಿನಲ್ಲಿ ನೀರು ತಿರುಗಿ ಕೆಳಗೆ ಇಳಿಯುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ನಿಲ್ಲುವುದಿಲ್ಲ. ನಿಮ್ಮ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರು ಅಂದರೆ ಸುಮಾರು 5.4 ಲೀಟರ್. 8 ಸೆಂ.ಮೀ.ಗೆ 43 ಲೀಟರ್! ಅಷ್ಟು ನೀರು ಬಂದರೆ ನಿಮ್ಮ ಸಂಪ್‌ನಲ್ಲಿ ಮಟ್ಟ 19 ಸೆಂ.ಮೀ. ಏರುತ್ತದೆ. ಅಷ್ಟು ಜಾಗ ಖಾಲಿ ಇಲ್ಲ, ಅಲ್ವಾ? ತಂದ ಎಲ್ಬೋ, ಪೈಪ್ ಜೋಡಿಸಿ ಪೈಪಿನ ಬಾಯಿಯನ್ನು 2 ಸೆಂ.ಮೀ. ಆಳಕ್ಕೆ ಎತ್ತಿಬಿಡಿ. ಆಗ ಇಳಿಯುವುದು 11 ಲೀಟರ್, ಏರುವುದು 5 ಸೆಂ.ಮೀ. ಬೇಗ ಗಾಳಿ ಸಿಗಲೆಂದು ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಸಣ್ಣ ತೂತು ಕೊರೆಯುವವರೂ ಇದ್ದಾರೆ. ಅದು ಪಾಚಿಯಿಂದ ಮುಚ್ಚಿಹೋಗುತ್ತದೆ. ಕೊರೆದರೆ ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಲೇಬೇಕು.

ಕೆಲಸ ಮುಗಿದು ಅಂಟು ಒಂದು ದಿನ ಒಣಗಿದ ಮೇಲೆ, ಹಗಲಲ್ಲಿ ನೀವೇ ಸ್ವಿಚ್ ಆಫ್ ಮಾಡಿ. ಸಂಪ್ ಪಕ್ಕದಲ್ಲೇ ಕೂತು ನೋಡಿ. ನೀರು ಪೂರ್ತಿ ಇಳಿದು ನಿಂತಾಗ ಅಂಚಿನಿಂದ ನಾಲ್ಕು ಬೆರಳಾದರೂ ಕೆಳಗಿರಬೇಕು. ಮತ್ತೆ ಪಂಪ್ ಹಾಕಿ, ಓಡುವಾಗಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆ ಗೆರೆ ದಾಟಿ ಎಂದೂ ತುಂಬಬೇಡಿ.

ಇನ್ನೊಂದು ಮಾತು, ಇದು ಮೀನುಗಳಿಗಾಗಿ. ಚೆಲ್ಲಿದ್ದು ಉಪ್ಪುನೀರು. ಆ ಜಾಗಕ್ಕೆ ಸುಮ್ನೆ ಆರ್‌ಓ ನೀರು ಹಾಕಿದರೆ ಉಪ್ಪು ಕಡಿಮೆಯಾಗುತ್ತದೆ. ಆವಿಯಾದದ್ದಕ್ಕೆ ಮಾತ್ರ ಸಿಹಿನೀರು. ಚೆಲ್ಲಿದ್ದಕ್ಕೆ ಉಪ್ಪು ಬೆರೆಸಿ, ತೊಟ್ಟಿಯಲ್ಲಿರುವ ಸಾಂದ್ರತೆಗೇ, ಸಾಮಾನ್ಯವಾಗಿ 1.025ಕ್ಕೆ (ಸಿಹಿನೀರಿನದು 1), ತಂದು ಹಾಕಿ.

ಪ್ಲಂಬರ್ ಹಿತ್ತಾಳೆ ಜಾಯಿಂಟ್ ಹಾಕಿದ್ದರೆ ಇವತ್ತೇ ತೆಗೆಸಿ. ಅದರಲ್ಲಿನ ತಾಮ್ರ ಸಿಗಡಿ, ಹವಳಗಳನ್ನು ಕೊಲ್ಲುತ್ತದೆ.