ಮರಳು ನೊಣದಿಂದ ನಮ್ಮ ಮೈಗೆ ಬಂದ ಪರಾವಲಂಬಿ ಬಿಸಿ ತಡೆಯುವುದು ಹೇಗೆ?

ನೊಣದೊಳಗೆ ಬದುಕುವ ಜೀವಿ ನಮ್ಮ ಮೈಕಾವಿಗೆ ಯಾಕೆ ಸಾಯುವುದಿಲ್ಲ, ಅದರ ಕೋಶದ ಕೊಬ್ಬು ಕರಗುವುದಿಲ್ಲವೇ ಅಂತ ಕೇಳಿದ್ದೀರಿ. ಲೀಷ್ಮೇನಿಯಾ ಅನ್ನುವ ಒಂದೇ ಕೋಶದ ಪರಾವಲಂಬಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಬಿಹಾರ, ಜಾರ್ಖಂಡ್ ಕಡೆ ಕಾಲಾ ಅಜಾರ್ ರೋಗ ತರುವುದು ಇದೇ. ಮರಳು ನೊಣದೊಳಗೆ ಅದಕ್ಕೆ ಸಿಗುವುದು ಸುಮಾರು 25-27 ಡಿಗ್ರಿ. ಕಚ್ಚಿದ ಮೇಲೆ ಏಕಾಏಕಿ 37ರ ಹತ್ತಿರ. (ಚರ್ಮದಲ್ಲೇ ಉಳಿಯುವ ಜಾತಿಗಳಿಗೆ ಇನ್ನೂ ಸ್ವಲ್ಪ ಕಡಿಮೆ.)

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಕಡಲೆಕಾಯಿ ಎಣ್ಣೆ ಹಾಗೇ ಇರುತ್ತದೆ. ಕೋಶಪೊರೆಯ ಕೊಬ್ಬಿನಂಶಗಳಾದ ಲಿಪಿಡ್‌ಗಳದ್ದೂ ಅದೇ ರಸಾಯನ. ಅವುಗಳ ಫ್ಯಾಟಿ ಆಸಿಡ್ ಸರಪಳಿಯಲ್ಲಿ ಡಬಲ್ ಬಾಂಡ್ ಇದ್ದಲ್ಲಿ ಸೊಟ್ಟಗಾಗುತ್ತದೆ, ಪಕ್ಕದ್ದಕ್ಕೆ ಒತ್ತಿ ಕೂರಲಾರದು, ಪೊರೆ ಸಡಿಲವಾಗುತ್ತದೆ. ಬಿಸಿಯಾದಾಗ ಡಬಲ್ ಬಾಂಡ್ ಇಳಿಸುವುದು, ತಣ್ಣಗಾದಾಗ ಏರಿಸುವುದು: ಪಠ್ಯಪುಸ್ತಕದ ಉತ್ತರ ಇಷ್ಟು. ಬ್ಯಾಕ್ಟೀರಿಯಾಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಲೀಷ್ಮೇನಿಯಾಕ್ಕೆ ಬಂದಾಗ ಮಾತ್ರ ಸ್ಟೆರಾಲ್ (ಕೊಲೆಸ್ಟ್ರಾಲ್ ಗುಂಪಿನ ಕೊಬ್ಬು) ಬಿಟ್ಟು ಮಾತಾಡಿದರೆ ಅರ್ಧ ಕಥೆಯೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕೋಶಗಳಲ್ಲಿ ಕೊಲೆಸ್ಟ್ರಾಲ್ ಮಾಡುವ ಕೆಲಸವನ್ನು ಇದರಲ್ಲಿ ಎರ್ಗೋಸ್ಟೆರಾಲ್ ಬಗೆಯ ಸ್ಟೆರಾಲ್‌ಗಳು ಮಾಡುತ್ತವೆ. ಲಿಪಿಡ್‌ಗಳ ನಡುವೆ ತೂರಿಕೊಂಡು, ಬಿಸಿಯಲ್ಲೂ ಪೊರೆ ತೀರಾ ಸಡಿಲವಾಗದಂತೆ ಹಿಡಿಯುತ್ತವೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೀಷ್ಮೇನಿಯಾ ಮೇಜರ್‌ನಿಂದ ಸ್ಟೆರಾಲ್ ತಯಾರಿಕೆಯ ಒಂದು ಕಿಣ್ವದ ಜೀನನ್ನೇ ತೆಗೆದುಹಾಕಿದರು. 27 ಡಿಗ್ರಿಯ ಕಲ್ಚರ್‌ನಲ್ಲಿ ಅದು ಬದುಕಿತು, ಸಂಖ್ಯೆಯೂ ಹೆಚ್ಚಿತು. 37ಕ್ಕೆ ಒಯ್ದರೆ ತಾಳಲಿಲ್ಲ. ಅದರ ಪೊರೆ ಅತಿಯಾಗಿ ಸಡಿಲವಾಗಿತ್ತು, ಇಲಿಗೆ ರೋಗ ತರುವ ಶಕ್ತಿಯೂ ಕುಗ್ಗಿತ್ತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನಾನು ಕಂಡಿಲ್ಲ.

ಕಾಲಾ ಅಜಾರ್‌ಗೆ ಕೊಡುವ ಆಂಫೊಟೆರಿಸಿನ್ ಬಿ ಔಷಧ ಹಿಡಿಯುವುದೂ ಈ ಎರ್ಗೋಸ್ಟೆರಾಲನ್ನೇ. ನಮ್ಮ ಕೊಲೆಸ್ಟ್ರಾಲ್‌ಗೆ ಅದು ಅಷ್ಟಾಗಿ ಅಂಟುವುದಿಲ್ಲ. ಅಷ್ಟಾಗಿ ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಕಿಡ್ನಿಗೆ ಪೆಟ್ಟು ಬೀಳಬಹುದು.

ಇದರ ದಾಯಾದಿ, ಆಫ್ರಿಕಾದ ನಿದ್ರಾರೋಗದ ಟ್ರಿಪನೊಸೋಮಾ ಬ್ರೂಸಿ, ಇನ್ನೂ ಚಾಲಾಕಿ. ಟ್ಸೆಟ್ಸೆ ನೊಣದೊಳಗಿರುವಾಗ ಸ್ವಂತ ಸ್ಟೆರಾಲ್ ತಯಾರಿಸುತ್ತದೆ. ನಮ್ಮ ರಕ್ತಕ್ಕೆ ಬಂದಮೇಲೆ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ನುಂಗಿ, ನಮ್ಮ ಕೊಲೆಸ್ಟ್ರಾಲನ್ನೇ ತನ್ನ ಪೊರೆಗೆ ಸೇರಿಸಿಕೊಳ್ಳುತ್ತದೆ.

ಈ ವಿಷಯದ ಪ್ರಬಂಧಗಳನ್ನು ಓದುವುದಾದರೆ ಒಂದು ಎಚ್ಚರ ಇರಲಿ. ಲೀಷ್ಮೇನಿಯಾ ನಮ್ಮ ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಸೇರಿದಾಗ ಬಿಸಿಯ ಜೊತೆ ಆಮ್ಲವೂ ಎದುರಾಗುತ್ತದೆ, ಪಿಎಚ್ ಸುಮಾರು 5.5. ಅದರ ರೂಪವೇ ಬದಲಾಗಿ ಈಜಲು ಬಳಸುವ ಬಾಲದಂಥ ಉದ್ದನೆಯ ಕಶಾಂಗ ಮೊಟಕಾಗುತ್ತದೆ. ಹಾಗಾಗಿ ಯಾರಾದರೂ 'ತಾಪಮಾನದಿಂದ ಲಿಪಿಡ್ ಬದಲಾಯಿತು' ಅಂತ ಬರೆದಿದ್ದರೆ, ಪಿಎಚ್ ಬದಲಿಸದೆ ಬರೀ ಬಿಸಿಯನ್ನಷ್ಟೇ ಏರಿಸಿ ನೋಡಿದ್ದಾರಾ ಅಂತ ಮೊದಲು ಹುಡುಕಿ.