‘ಹ್ಯಾರಿಸನ್ ಬರ್ಜೆರಾನ್’ ಸಮಾನತೆಯ ವಿರುದ್ಧದ ಕಥೆಯೇ?

ಪ್ರಶ್ನೆ: ಕರ್ಟ್ ವಾನಗಟ್ ಅವರ ‘ಹ್ಯಾರಿಸನ್ ಬರ್ಜೆರಾನ್’ ಓದಿದೆ. ಸಮಾನತೆ ಅತಿಯಾದರೆ ಹೀಗೇ ಆಗುತ್ತೆ ಅಂತ ಲೇಖಕರು ಹೇಳುತ್ತಿದ್ದಾರಾ? ಇಂಥ ಕಥೆಗಳಲ್ಲಿ ದಂಗೆ ಎದ್ದವನು ಸಾಯಲೇಬೇಕಾ?

ಉತ್ತರ: ಹಾಗೆ ಓದುವವರು ಬಹಳ ಜನ ಇದ್ದಾರೆ. ನಾನು ಹಾಗೆ ಓದುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 1961ರಲ್ಲಿ ಬಂದ ಕಥೆ, ನಡೆಯುವುದು 2081ರ ಅಮೆರಿಕದಲ್ಲಿ. ಸಂವಿಧಾನಕ್ಕೆ 211, 212, 213ನೇ ತಿದ್ದುಪಡಿ ತಂದು ಎಲ್ಲರನ್ನೂ ಸರಿಸಮ ಮಾಡಿಬಿಟ್ಟಿದ್ದಾರೆ. ಬಲ ಇದ್ದವರ ಮೈಗೆ ಭಾರ, ಚೆಂದ ಇದ್ದವರಿಗೆ ಮುಖವಾಡ, ಬುದ್ಧಿ ಇದ್ದವರ ಕಿವಿಗೆ ಒಂದು ರೇಡಿಯೊ. ಅದು 20 ಸೆಕೆಂಡಿಗೊಮ್ಮೆ ಕರ್ಕಶವಾಗಿ ಸದ್ದು ಮಾಡಿ ಯೋಚನೆಯನ್ನು ಕತ್ತರಿಸುತ್ತದೆ. ಜಾರ್ಜ್ ಮತ್ತು ಹೇಜಲ್ ಅನ್ನೋ ದಂಪತಿ ಟಿವಿ ಮುಂದೆ ಕೂತಿದ್ದಾರೆ. ಅವರ 14 ವರ್ಷದ, ಏಳಡಿ ಎತ್ತರದ ಮಗ ಹ್ಯಾರಿಸನ್ ಜೈಲಿನಿಂದ ತಪ್ಪಿಸಿಕೊಂಡು ಟಿವಿ ಸ್ಟುಡಿಯೊಗೇ ನುಗ್ಗುತ್ತಾನೆ. ಮೈಮೇಲಿನ ಭಾರವನ್ನೆಲ್ಲ ಕಿತ್ತೆಸೆದು ಒಬ್ಬ ನರ್ತಕಿಯ ಜತೆ ಕುಣಿಯುತ್ತಾನೆ. ಈ ಭಾರಗಳ ಇಲಾಖೆಯ ಮುಖ್ಯಸ್ಥೆ ಡಯಾನಾ ಮೂನ್ ಗ್ಲಾಂಪರ್ಸ್ ಬಂದು ಇಬ್ಬರನ್ನೂ ಗುಂಡಿಟ್ಟು ಕೊಲ್ಲುತ್ತಾಳೆ.

ಆ ಗುಂಡನ್ನು ಸ್ವಲ್ಪ ನೋಡಿ. ಎರಡೇ ಎರಡು ಗುಂಡು, ಇಬ್ಬರೂ ನೆಲಕ್ಕೆ ಬೀಳುವ ಮೊದಲೇ ಸತ್ತಿದ್ದಾರೆ. ಯಾರೂ ಯಾವುದರಲ್ಲೂ ಇನ್ನೊಬ್ಬರಿಗಿಂತ ಮೇಲಾಗಬಾರದು ಅನ್ನೋ ದೇಶದಲ್ಲಿ ಇವಳ ಗುರಿ ಮಾತ್ರ ಇಷ್ಟು ಚೆನ್ನಾಗಿರುವುದು ಹೇಗೆ? ಅವಳ ಹೆಗಲ ಮೇಲೆ ಭಾರದ ಒಂದು ಚೀಲ ಇತ್ತು, ಕಿವಿಯಲ್ಲಿ ಸದ್ದಿತ್ತು ಅನ್ನೋ ಒಂದು ಮಾತೂ ಕಥೆಯಲ್ಲಿಲ್ಲ. ಅಲ್ಲಿಗೆ, ಇದು ಸಮಾನತೆಯ ದೇಶವೇ ಅಲ್ಲ. ಎಲ್ಲರಿಗೂ ಭಾರ ಹೊರಿಸಿ, ಬಂದೂಕು ಮಾತ್ರ ತನ್ನ ಕೈಯಲ್ಲಿ ಇಟ್ಟುಕೊಂಡ ಸರ್ಕಾರ. ಸಮಾನತೆ ಅನ್ನೋದು ಬೋರ್ಡ್ ಅಷ್ಟೇ.

ಮುಂಬಯಿಯ ಮಾಟುಂಗದಲ್ಲಿ ನಾವು ಕೆಲವು ಕನ್ನಡದವರು ಆಗಾಗ ಸೇರಿ ಕಥೆ ಓದುತ್ತೇವೆ. ಅಲ್ಲಿ ಇದನ್ನು ಓದಿದಾಗ ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು, “ನಮ್ಮ ಮಕ್ಕಳ ಕಥೆ ಇದೇ ಅಲ್ವಾ? ಮಾರ್ಕ್ಸ್ ಇದ್ದರೂ ಸೀಟಿಲ್ಲ” ಅಂದರು. ಹೋಟೆಲ್ ನಡೆಸುವ ಶೆಟ್ರು ಕೂಡಲೇ ತಿರುಗಿಬಿದ್ದರು: “ಎಂತ ಮಾರಾಯ್ರೆ, ನಿಮ್ಮ ಮಗನ ಹೆಗಲಿಗೆ ಯಾರು ಚೀಲ ಕಟ್ಟಿದ್ದು? ಅವನಿಗೆ ಟ್ಯೂಷನ್ ಇತ್ತು, ಓದಲಿಕ್ಕೆ ಬೇರೆ ರೂಮೇ ಇತ್ತು.”

ಶೆಟ್ರು ಹೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ಅವರು ಹುಡುಗನಾಗಿದ್ದಾಗ ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮುಂಬಯಿಯಲ್ಲಿ ಹಾಗೆ ಓದಿ ಮೇಲೆ ಬಂದ ಕರಾವಳಿಯವರು ಎಷ್ಟೋ ಜನ. ನೀರಿನಲ್ಲೇ ಇದ್ದು ಸುಕ್ಕಾದ ಬೆರಳಲ್ಲಿ ಪೆನ್ಸಿಲ್ ಹಿಡಿದರೆ ಜಾರುತ್ತಿತ್ತಂತೆ. ಮೇಷ್ಟ್ರು ಬೀಜಗಣಿತದ ಒಂದು ಸಾಲು ಬರೆದು ಎರಡನೆಯದಕ್ಕೆ ಬರುವಷ್ಟರಲ್ಲಿ ತೂಕಡಿಕೆ, ಮೊದಲ ಸಾಲೇ ಮರೆತುಹೋಗುತ್ತಿತ್ತಂತೆ. ಜಾರ್ಜ್‌ನ ಕಿವಿಯ ಸದ್ದು ಮಾಡುವ ಕೆಲಸವೂ ಅದೇ ತಾನೆ? ಇಲ್ಲಿ ಅದನ್ನು ಮಾಡಲು ಯಾವ ತಿದ್ದುಪಡಿಯೂ ಬೇಕಾಗಲಿಲ್ಲ.

ಈ ವಾದವನ್ನು ಅಂಬೇಡ್ಕರ್ 1936ರಲ್ಲೇ ಮುಗಿಸಿಟ್ಟಿದ್ದಾರೆ. ಜಾತಿ ಒಡೆಯಬೇಕು ಅನ್ನುತ್ತಿದ್ದ ಲಾಹೋರಿನ ಸಂಘ ಜಾತ್-ಪಾತ್-ತೋಡಕ್ ಮಂಡಲಕ್ಕೆಂದು ಬರೆದು, ಮಂಡಲದವರು ಸಭೆಯನ್ನೇ ರದ್ದು ಮಾಡಿದ್ದರಿಂದ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಭಾಷಣ ಇದೆಯಲ್ಲ, ‘ಜಾತಿ ವಿನಾಶ’, ಅದರಲ್ಲಿ. ಮನುಷ್ಯರು ಸಮಾನರಲ್ಲ ಅನ್ನೋದನ್ನು ಅವರು ಒಪ್ಪಿಕೊಂಡೇ ಶುರು ಮಾಡುತ್ತಾರೆ. ಒಬ್ಬನ ಶಕ್ತಿ ಮೂರರಿಂದ ಬರುತ್ತದೆ: ಹುಟ್ಟಿನಿಂದ ಬಂದ ಮೈಕಟ್ಟು, ಮನೆತನದಿಂದ ಬಂದ ಆರೈಕೆ ಮತ್ತು ವಿದ್ಯೆ, ಆಮೇಲೆ ಅವನ ಸ್ವಂತ ಪ್ರಯತ್ನ. ಪ್ರಯತ್ನ ನೋಡಿ ಹೆಚ್ಚು ಕಡಿಮೆ ಮಾಡಿದರೆ ಸರಿಯೇ. ಮೊದಲಿನ ಎರಡನ್ನು ನೋಡಿ ಆರಿಸಿದರೆ ಆಯ್ಕೆಯಾಗುವವರು ಸಮರ್ಥರಲ್ಲ, ಸವಲತ್ತು ಇದ್ದವರು ಅನ್ನುತ್ತಾರೆ. ಕಥೆಯ ಸರ್ಕಾರ ಮೈಗೆ ಹೊಸದಾಗಿ ಭಾರ ಕಟ್ಟುತ್ತದೆ. ಅಂಬೇಡ್ಕರ್ ಕೇಳಿದ್ದು ಮೊದಲೇ ಕಟ್ಟಿರುವ ಭಾರವನ್ನು ಬಿಚ್ಚಿ ಅಂತ. ಇವೆರಡನ್ನೂ ಒಂದೇ ಅಂದರೆ ಹೇಗೆ?

ವಾನಗಟ್ ಅವರ ನಿಲುವು ಏನು ಅಂತ ಊಹೆ ಮಾಡಬೇಕಾಗಿಲ್ಲ. 2005ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಶಾಲೆಗಳಿಗೆ ಕೊಡುವ ದುಡ್ಡಿನ ಬಗ್ಗೆ ಕೇಸು ನಡೆದಿತ್ತು. ಅನುಕೂಲಸ್ಥ ಊರುಗಳ ಪರ ವಕೀಲರು ಇದೇ ಕಥೆಯನ್ನು ಕೋರ್ಟಿನಲ್ಲಿ ಎತ್ತಿದರು. ಆಗ ಬದುಕಿದ್ದ ವಾನಗಟ್, ಕಥೆ ನಿಮಗೆ ಅರ್ಥವಾಗಿಲ್ಲ ಅಂದರು. ಬಡವರ ಮಕ್ಕಳು ಎಷ್ಟೇ ಪ್ರತಿಭಾವಂತರಾಗಿದ್ದರೂ ಅವರಿಗೆ ಕೆಟ್ಟ ಶಿಕ್ಷಣ ಕೊಟ್ಟು ಭಾರ ಹೊರಿಸುತ್ತಿರುವುದು ಕಾನ್ಸಾಸೇ ಅನ್ನೋ ಅರ್ಥದ ಮಾತನ್ನೂ ಸೇರಿಸಿದರು. ನಮ್ಮ ಶೆಟ್ರು ಹೇಳಿದ್ದೂ ಅದೇ, ಬಡ್ಡಿ ಸಮೇತ.

ಹಾಗಂತ ಹ್ಯಾರಿಸನ್‌ನನ್ನು ಹೀರೋ ಮಾಡಲು ನನಗೆ ಮನಸ್ಸಿಲ್ಲ. ಸ್ಟುಡಿಯೊ ಒಳಗೆ ಬಂದವನು ಮೊದಲು ಕೂಗುವುದೇನು ಗೊತ್ತಲ್ಲ? ನಾನು ಚಕ್ರವರ್ತಿ, ಎಲ್ಲರೂ ನಾನು ಹೇಳಿದ ಹಾಗೆ ಕೇಳಬೇಕು! ವಾದ್ಯದವರಿಗೆ, ಚೆನ್ನಾಗಿ ನುಡಿಸಿ, ನಿಮಗೆಲ್ಲ ದೊಡ್ಡ ದೊಡ್ಡ ಪದವಿ ಕೊಡುತ್ತೇನೆ ಅನ್ನುತ್ತಾನೆ. ನಮ್ಮ ಸಂವಿಧಾನ 18ನೇ ವಿಧಿಯಲ್ಲಿ ಬಿರುದು ಬಾವಲಿಗಳನ್ನು ತೆಗೆದುಹಾಕಿತು. ಈ ಹುಡುಗ ಬಿಡುಗಡೆಯಾದ ಮರುಕ್ಷಣವೇ ಅವನ್ನು ವಾಪಸ್ ತರುತ್ತಾನೆ. 14ರ ವಯಸ್ಸಿನ ಹುಡುಗನ ಬಾಯಲ್ಲಿ ಇನ್ನೇನು ಬರುತ್ತದೆ, ಬಿಡಿ. ಆದರೆ ಕುಣಿತ ಶುರುವಾದ ಮೇಲೆ ನಾನೂ ಸೋತುಬಿಡುತ್ತೇನೆ. ಇಬ್ಬರೂ ಹಾರಿ ಹಾರಿ 30 ಅಡಿ ಎತ್ತರದ ಸೀಲಿಂಗಿಗೆ ಮುತ್ತಿಟ್ಟು, ಹಾಗೇ ಗಾಳಿಯಲ್ಲಿ ನಿಂತುಬಿಡುತ್ತಾರೆ. ಲೇಖಕರು ಇಲ್ಲಿ ಬೇಕಂತಲೇ ಅತಿ ಮಾಡಿದ್ದಾರೆ.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವವನು ಜಾರ್ಜ್. ಅವನ ಕುತ್ತಿಗೆಗೆ 47 ಪೌಂಡಿನ ಚೀಲ, ಅಂದರೆ ಸುಮಾರು 21 ಕಿಲೋ ಸೀಸದ ಗುಂಡು. ಮನೆಯಲ್ಲಿದ್ದಾಗಲಾದರೂ ಒಂದೆರಡು ಗುಂಡು ತೆಗೆದಿಡಬಾರದಾ ಅಂತ ಹೆಂಡತಿ ಪಾಪ ಕೇಳುತ್ತಾಳೆ. ತೆಗೆದ ಒಂದೊಂದು ಗುಂಡಿಗೂ ಎರಡು ವರ್ಷ ಜೈಲು, 2000 ಡಾಲರ್ ದಂಡ ಅನ್ನುತ್ತಾನೆ. ಅಷ್ಟಕ್ಕೇ ನಿಂತಿದ್ದರೆ ಬರೀ ಭಯ ಅನ್ನಬಹುದಿತ್ತು. ನಾನು ತೆಗೆದರೆ ಇನ್ನೊಬ್ಬರೂ ತೆಗೆಯುತ್ತಾರೆ, ಮತ್ತೆ ಹಳೇ ಕಾಲದ ಪೈಪೋಟಿ ಬರುತ್ತದೆ ಅಂತ ತಾನೇ ಸರ್ಕಾರದ ಪರವಾಗಿ ವಾದ ಹೂಡುತ್ತಾನೆ. ಮಗ ಸಾಯುವ ಹೊತ್ತಿಗೆ ಅವನು ಬಿಯರ್ ತರಲು ಅಡುಗೆಮನೆಗೆ ಹೋಗಿದ್ದಾನೆ. ನೋಡಿದ ತಾಯಿ ಅಳುತ್ತಾಳೆ, ಯಾಕೆ ಅತ್ತೆ ಅನ್ನೋದು ಅವಳಿಗೇ ನೆನಪಿಲ್ಲ.

ಇನ್ನು ಎರಡನೇ ಪ್ರಶ್ನೆ. ಸಾಯಲೇಬೇಕು ಅಂತೇನಿಲ್ಲ. ರೇ ಬ್ರಾಡ್‌ಬರಿಯ ‘ದಿ ಪೆಡೆಸ್ಟ್ರಿಯನ್’ (1951) ಓದಿ. 2053ರಲ್ಲಿ ಒಬ್ಬ ಸುಮ್ನೆ ರಾತ್ರಿ ವಾಕಿಂಗ್ ಹೋಗುತ್ತಾನೆ. ಊರೆಲ್ಲ ಟಿವಿ ಮುಂದೆ, ಬೀದಿಯಲ್ಲಿ ಇವನೊಬ್ಬನೇ. ಒಳಗೆ ಯಾರೂ ಇಲ್ಲದ ಪೊಲೀಸ್ ಕಾರು ಬಂದು ಇವನನ್ನು ಮಾನಸಿಕ ಚಿಕಿತ್ಸೆಯ ಕೇಂದ್ರಕ್ಕೆ ಸಾಗಿಸುತ್ತದೆ. ಕೊಲೆಯೂ ಇಲ್ಲ, ಘೋಷಣೆಯೂ ಇಲ್ಲ. ದಂಗೆಯ ಕಥೆಯಾಗಿ ಇದೇ ನನಗೆ ಜಾಸ್ತಿ ಇಷ್ಟ, ಇವನಿಗೆ ಯಾರ ಮೇಲೂ ಚಕ್ರವರ್ತಿ ಆಗಬೇಕಾಗಿಲ್ಲ.

‘ಹ್ಯಾರಿಸನ್’ ಇನ್ನೊಮ್ಮೆ ಓದುವುದಾದರೆ ಆ ವಾದ್ಯದವರ ಮೇಲೆ ಒಂದು ಕಣ್ಣಿಡಿ. ಹ್ಯಾರಿಸನ್ ಅವರ ಭಾರ ಕಿತ್ತ ಮೇಲೂ ಮೊದಲು ಸಪ್ಪೆಯಾಗಿಯೇ ನುಡಿಸುತ್ತಾರೆ. ಅವನು ಇಬ್ಬರನ್ನು ಕುರ್ಚಿಯಿಂದ ಎತ್ತಿ ಬೀಸಿ, ಹೇಗೆ ನುಡಿಸಬೇಕು ಅಂತ ಹಾಡಿ ತೋರಿಸಿದ ಮೇಲೆ ನಿಜವಾಗಿ ಚೆನ್ನಾಗಿ ನುಡಿಸುತ್ತಾರೆ. ಡಯಾನಾ ಅವರತ್ತ ಬಂದೂಕು ತಿರುಗಿಸಿ, ಭಾರ ಮತ್ತೆ ಹಾಕಿಕೊಳ್ಳಲು ಹತ್ತು ಸೆಕೆಂಡು ಕೊಡುತ್ತಾಳೆ. ಅಷ್ಟರಲ್ಲಿ ಜಾರ್ಜ್ ಮನೆಯ ಟಿವಿ ಕೆಟ್ಟುಹೋಗುತ್ತದೆ, ಮುಂದೇನಾಯಿತು ಅಂತ ನಮಗೂ ಕಾಣುವುದಿಲ್ಲ. ಯಾರಾದರೂ ಕನ್ನಡದಲ್ಲಿ ಆ ವಾದ್ಯದವರ ಕಥೆ ಬರೆದರೆ ಮಾಟುಂಗದಲ್ಲಿ ಕೂತು ಓದಲು ನಾವು ತಯಾರು.